ಕುತ್ತಿಗೆಗೆ ಕುಡುಗೋಲು, ಕಾಲ್ಬೆರಳಿಗೆ ಬೀಗ: ರಕ್ತಪಿಶಾಚಿಯ ಸುದ್ದಿಯಲ್ಲಿ ನಿಜ ಎಷ್ಟು?

2024ರ ಅಕ್ಟೋಬರ್ ಕೊನೆಯಲ್ಲಿ ಒಂದು ಹೆಣ್ಣುಮಗಳ ಮುಖ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಅವಳು ಸತ್ತು ನಾನೂರು ವರ್ಷದ ಹತ್ತಿರ ಆಗಿದೆ. ಪೋಲೆಂಡಿನ ಹಳ್ಳಿಯೊಂದರ ಮಣ್ಣಿನಡಿ ಅವಳ ತಲೆಬುರುಡೆ ಸಿಕ್ಕಿತ್ತು. ಸ್ವೀಡನ್ನಿನ ಪುರಾತತ್ವಜ್ಞ ಆಸ್ಕರ್ ನಿಲ್ಸನ್ ಅದರ ತ್ರೀಡಿ ಅಚ್ಚು ತೆಗೆದು, ಮೇಲೆ ಜೇಡಿಮಣ್ಣು ಮೆತ್ತಿ ಆ ಮುಖವನ್ನು ಮತ್ತೆ ಕಟ್ಟಿದ್ದರು. ಶಾಂತವಾದ, ಎಳೆಯ ಮುಖ. ಆದರೆ ಅದರ ಮೇಲಿನ ತಲೆಬರಹಗಳಲ್ಲಿ ಎದ್ದು ಕಂಡ ಪದ ಒಂದೇ: ವ್ಯಾಂಪೈರ್. ರಕ್ತಪಿಶಾಚಿ.

ಓದಿದವರಿಗೆ ಗೊಂದಲ ಆಗಿದ್ದು ಸಹಜ. ಸುದ್ದಿಯ ಹಿಂದೆ ವಿಶ್ವವಿದ್ಯಾಲಯ ಇದೆ, ಸಮಾಧಿ ಸಿಕ್ಕಿದೆ, ಫೋಟೊ ಇದೆ. ಹಾಗಾದರೆ ರಕ್ತಪಿಶಾಚಿಗಳು ಇದ್ದದ್ದು ನಿಜವಾ?

ಸತ್ತ ಮೇಲೆ ಎದ್ದು ಬಂದು ರಕ್ತ ಹೀರುವ ಜೀವಿ ಯಾವತ್ತೂ ಇರಲಿಲ್ಲ. ಆದರೆ ಹಾಗೆ ನಂಬಿ ಮಾಡಿದ ಸಮಾಧಿಗಳು ನಿಜ. ಅದರ ಬಗ್ಗೆ ಅಧಿಕಾರಿಗಳು ಬರೆದ ವರದಿಗಳು ನಿಜ. ಹೆಣದ ಬಾಯಲ್ಲಿ ಜನ ಕೆಂಪು ಕಂಡದ್ದೂ ನಿಜ. ಮಬ್ಬಿನಲ್ಲಿ ಹಗ್ಗ ನೋಡಿ ಹಾವು ಅಂದುಕೊಳ್ಳುವ ಮಾತು ನಮ್ಮಲ್ಲಿ ಇದೆಯಲ್ಲ, ಹಾಗೆ. ಹಾವು ಸುಳ್ಳು, ಹಗ್ಗ ಸುಳ್ಳಲ್ಲ. ಈ ಲೇಖನ ಆ ಹಗ್ಗದ ಬಗ್ಗೆ.

ಪಿಯೆನ್ ಹಳ್ಳಿಯಲ್ಲಿ ಸಿಕ್ಕಿದ್ದೇನು?

ಪಿಯೆನ್ ಇರುವುದು ಉತ್ತರ ಪೋಲೆಂಡಿನ ಬಿಡ್‌ಗೊಷ್ಟ್ ನಗರದ ಹತ್ತಿರ. ಟೋರುನ್‌ನ ನಿಕೊಲಸ್ ಕೊಪರ್ನಿಕಸ್ ವಿಶ್ವವಿದ್ಯಾಲಯದ ಡೇರಿಯುಷ್ ಪೊಲಿನ್ಸ್ಕಿ ಅವರ ತಂಡ 2022ರಲ್ಲಿ ಅಲ್ಲಿ 17ನೇ ಶತಮಾನದ ಒಂದು ಸ್ಮಶಾನವನ್ನು ಅಗೆಯುತ್ತಿತ್ತು. ಆಗ ಈ ಅಸ್ಥಿಪಂಜರ ಕಂಡಿತು. ಕುತ್ತಿಗೆಯ ಮೇಲೆ ಕಬ್ಬಿಣದ ಕುಡುಗೋಲು. ಅದನ್ನು ಸುಮ್ನೆ ಮಲಗಿಸಿ ಇಟ್ಟಿರಲಿಲ್ಲ. ಹರಿತವಾದ ಬಾಯಿ ಗಂಟಲಿಗೆ ತಾಗುವ ಹಾಗೆ ನಿಲ್ಲಿಸಿ ಇಟ್ಟಿದ್ದರು. ಹೆಣ ಎದ್ದರೆ ಅದರ ತಲೆ ಅದೇ ಕತ್ತರಿಸಿ ಬೀಳಲಿ ಅನ್ನುವ ಲೆಕ್ಕ. ಎಡಗಾಲಿನ ಹೆಬ್ಬೆರಳಿಗೆ ತ್ರಿಕೋನಾಕಾರದ ಒಂದು ಬೀಗ. ಬೀಗ ಅಂದರೆ ಒಂದು ಘಟ್ಟ ಮುಗಿಯಿತು, ಇನ್ನು ವಾಪಸ್ ಬರುವ ದಾರಿ ಇಲ್ಲ ಅನ್ನುವ ಸಂಕೇತ ಇರಬೇಕು ಎಂಬುದು ಪೊಲಿನ್ಸ್ಕಿ ಅವರ ವಿವರಣೆ.

ಇಷ್ಟೇ ಆಗಿದ್ದರೆ ಕತೆ ಸರಳವಾಗಿರುತ್ತಿತ್ತು. ಆದರೆ ಅವಳ ತಲೆಯ ಮೇಲೆ ರೇಷ್ಮೆಯ ಟೋಪಿಯ ಉಳಿಕೆಯೂ ಸಿಕ್ಕಿತು. ಆ ಕಾಲದಲ್ಲಿ ಅದು ಬಡವರ ಮನೆಯ ವಸ್ತು ಅಲ್ಲ. ಅಂದರೆ ಒಳ್ಳೆಯ ಬಟ್ಟೆ ತೊಡಿಸಿ ಕಳಿಸಿದ ಕೈಗಳೂ ಇವೆ, ಕುಡುಗೋಲು ಇಟ್ಟ ಕೈಗಳೂ ಇವೆ. ಎರಡೂ ಒಂದೇ ಕೈ ಇರಬಹುದಾ? ಇರಬಹುದು. ಪ್ರೀತಿ ಇದ್ದ ಕಡೆ ಭಯ ಇರಬಾರದು ಅಂತೇನಿಲ್ಲ.

ಅವಳಿಗೆ 18ರಿಂದ 20 ವರ್ಷ. ಊರಿನವರು ಅವಳಿಗೆ ಜೋಶಾ ಎಂದು ಹೆಸರಿಟ್ಟಿದ್ದಾರೆ. ಮೂಳೆಗಳನ್ನು ಪರೀಕ್ಷಿಸಿದ ಸಂಶೋಧಕರ ಪ್ರಕಾರ ಅವಳಿಗೆ ಆಗಾಗ ಪ್ರಜ್ಞೆ ತಪ್ಪುವ, ತೀವ್ರವಾಗಿ ತಲೆ ನೋಯುವ ಕಾಯಿಲೆ ಇದ್ದಿರಬಹುದು. ಈ ಒಂದು ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಕೊನೆಗೆ ಮತ್ತೆ ಬೇಕಾಗುತ್ತದೆ. 2023ರಲ್ಲಿ ಅದೇ ಜಾಗದಲ್ಲಿ ಒಂದು ಚಿಕ್ಕ ಮಗುವಿನ ಸಮಾಧಿಯೂ ಸಿಕ್ಕಿತು. ಮಗುವನ್ನು ಬೋರಲು ಹಾಕಿ ಹೂತಿದ್ದರು. ಅದರ ಕಾಲಿಗೂ ಬೀಗ.

ಬರೆದುಕೊಳ್ಳುವವರು ಬಂದ ಮೇಲೆ

ಸತ್ತವರು ಎದ್ದು ಬರುತ್ತಾರೆ ಅನ್ನುವ ನಂಬಿಕೆ ಪೂರ್ವ ಯುರೋಪಿನಲ್ಲಿ ಬಹಳ ಹಳೆಯದು. ಆದರೆ ಅದು ಇಡೀ ಯುರೋಪಿನ ಮಾತಾಗಿದ್ದು 1725ರಿಂದ 1732ರ ನಡುವಿನ ಏಳು ವರ್ಷಗಳಲ್ಲಿ. ಅದಕ್ಕೊಂದು ರಾಜಕೀಯ ಕಾರಣ ಇದೆ.

1718ರ ಪಸ್ಸರೊವಿಟ್ಜ್ ಒಪ್ಪಂದದಲ್ಲಿ ಉತ್ತರ ಸರ್ಬಿಯಾ ತುರ್ಕರ ಕೈತಪ್ಪಿ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆಗಳಿಗೆ ಸಿಕ್ಕಿತು. ಹೊಸ ಸರ್ಕಾರದ ಜೊತೆ ಹೊಸ ಅಧಿಕಾರಿಗಳು, ಸೇನೆಯ ವೈದ್ಯರು, ಗುಮಾಸ್ತರು ಬಂದರು. ಹಳ್ಳಿಗರು ಸಮಾಧಿ ಅಗೆದು ಹೆಣಕ್ಕೆ ಗೂಟ ಹೊಡೆಯುವುದನ್ನು ಕಂಡು ಅವರು ಬೆಚ್ಚಿದರು, ವರದಿ ಬರೆದು ಮೇಲಕ್ಕೆ ಕಳಿಸಿದರು. ಪಿಶಾಚಿ ಹೊಸದಾಗಿ ಹುಟ್ಟಲಿಲ್ಲ. ಬರೆದುಕೊಳ್ಳುವವರು ಹೊಸದಾಗಿ ಬಂದರು.

ಮೊದಲ ದೊಡ್ಡ ವರದಿ 1725ರದ್ದು. ಕಿಸಿಲ್ಯೆವೊ ಹಳ್ಳಿಯ ಪೆಟಾರ್ ಬ್ಲಾಗೊಯೆವಿಚ್ ಎಂಬ ರೈತ ಸತ್ತು ಹತ್ತು ವಾರ ಆಗಿತ್ತು. ಅಷ್ಟರಲ್ಲಿ ಎಂಟೇ ದಿನಗಳಲ್ಲಿ ಒಂಬತ್ತು ಜನ ಸತ್ತರು. ಪೆಟಾರ್ ರಾತ್ರಿ ಬಂದು ತಮ್ಮ ಮೇಲೆ ಕೂತು ಕತ್ತು ಹಿಸುಕಿದ ಎಂದು ಅವರು ಸಾಯುವ ಮುಂಚೆ ಹೇಳಿದ್ದರಂತೆ. ಅವನ ಹೆಂಡತಿ, ಗಂಡ ಬಂದು ತನ್ನ ಚರ್ಮದ ಚಪ್ಪಲಿ ಕೇಳಿದ ಎಂದು ಹೇಳಿ ಊರನ್ನೇ ಬಿಟ್ಟಳು. ಸಮಾಧಿ ಅಗೆಯಲು ಅನುಮತಿ ಕೊಡಿ ಎಂದು ಜನ ಫ್ರೊಂಬಾಲ್ಡ್ ಎಂಬ ಅಧಿಕಾರಿಯ ಹತ್ತಿರ ಬಂದರು. ಬೆಲ್‌ಗ್ರೇಡಿನಿಂದ ಅಪ್ಪಣೆ ಬರಲಿ, ಕಾಯಿರಿ ಎಂದ ಆತ. ಕಾಯುವಷ್ಟರಲ್ಲಿ ಊರೇ ಖಾಲಿಯಾಗುತ್ತದೆ, ನಾವು ಮನೆಮಠ ಬಿಟ್ಟು ಹೋಗುತ್ತೇವೆ ಎಂದರು ಜನ. ಕೊನೆಗೆ ಆತ ಒಬ್ಬ ಪಾದ್ರಿಯನ್ನು ಕರೆದುಕೊಂಡು ಹೋದ.

ಅಗೆದು ನೋಡಿದರೆ ಹೆಣ ಕೊಳೆತಿರಲಿಲ್ಲ. ಗಡ್ಡ, ಉಗುರು ಬೆಳೆದ ಹಾಗಿತ್ತು. ಬಾಯಲ್ಲಿ ಹಸಿ ರಕ್ತ. ಜನ ಗೂಟ ಚುಚ್ಚಿದಾಗ ಕಿವಿ, ಬಾಯಿಯಿಂದ ರಕ್ತ ಹರಿಯಿತು. ಹೆಣವನ್ನು ಸುಟ್ಟರು. ಫ್ರೊಂಬಾಲ್ಡ್ ತನ್ನ ವರದಿಯ ಕೊನೆಯಲ್ಲಿ, ಇದರಲ್ಲಿ ತಪ್ಪೇನಾದರೂ ಆಗಿದ್ದರೆ ಅದು ನನ್ನದಲ್ಲ, ಭಯದಿಂದ ಬುದ್ಧಿ ಕಳೆದುಕೊಂಡ ಈ ಜನರದ್ದು ಎಂದು ಬರೆದುಕೊಂಡ. ಈ ವರದಿ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು.

ಎರಡನೆಯದು ಇನ್ನೂ ದೊಡ್ಡದು. ಮೆದ್ವೆಜಾ ಹಳ್ಳಿಯಲ್ಲಿ ಅರ್ನಾಟ್ ಪಾವ್ಲೆ ಎಂಬವನು ಹುಲ್ಲಿನ ಗಾಡಿಯಿಂದ ಬಿದ್ದು ಕತ್ತು ಮುರಿದು ಸತ್ತಿದ್ದ. ಅವನನ್ನೂ ಅಗೆದು ಗೂಟ ಹೊಡೆದಿದ್ದರು. ಕೆಲವು ವರ್ಷಗಳ ಮೇಲೆ, 1731ರ ಚಳಿಗಾಲದಲ್ಲಿ, ಅದೇ ಊರಲ್ಲಿ ಮೂರು ತಿಂಗಳಲ್ಲಿ 17 ಜನ ಸತ್ತರು. ಸೇನೆಯ ವೈದ್ಯ ಯೋಹಾನ್ ಫ್ಲೂಕಿಂಗರ್ ಬಂದು ಹೆಣಗಳನ್ನು ಒಂದೊಂದಾಗಿ ತೆಗೆಸಿ, ಕೊಯ್ದು ನೋಡಿ, 1732ರ ಜನವರಿಯಲ್ಲಿ ವರದಿ ಕೊಟ್ಟ. ಅದರಲ್ಲಿ ಮಿಲಿಟ್ಸಾ ಎಂಬ 60 ವರ್ಷದ ಮುದುಕಿಯ ವಿಷಯ ಬರುತ್ತದೆ. ಬದುಕಿದ್ದಷ್ಟು ದಿನ ಅವಳು ಒಣಗಿದ ಕಡ್ಡಿಯ ಹಾಗಿದ್ದಳು, ಸಮಾಧಿಯೊಳಗೆ ಹೋಗಿ ಮೈ ತುಂಬಿಕೊಂಡಿದ್ದಾಳೆ ಎಂದು ಅವಳನ್ನು ಚೆನ್ನಾಗಿ ಬಲ್ಲ ಊರಿನವರು ಬೆರಗಾದರು. ರಕ್ತ ಕುಡಿಯದೆ ಇಷ್ಟು ದಪ್ಪ ಆಗುವುದು ಹೇಗೆ ಅನ್ನುವುದು ಅವರ ಪ್ರಶ್ನೆ. ಕೊಳೆಯದ ಹೆಣಗಳ ತಲೆ ಕತ್ತರಿಸಿ, ಸುಟ್ಟು, ಬೂದಿಯನ್ನು ಮೊರಾವಾ ನದಿಗೆ ಎಸೆದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಫ್ಲೂಕಿಂಗರ್ ಸುಳ್ಳು ಬರೆಯಲಿಲ್ಲ. ಕಂಡದ್ದನ್ನೇ ಬರೆದ. ಒಬ್ಬ ವೈದ್ಯನ ಸಹಿ ಇದ್ದ ಕಾರಣ ಆ ವರದಿ ಯುರೋಪಿನ ಪತ್ರಿಕೆಗಳಿಗೆಲ್ಲ ಹಬ್ಬಿತು. ಅದೇ ವರ್ಷ ಲಂಡನ್ನಿನ ಪತ್ರಿಕೆಗಳೂ ವ್ಯಾಂಪೈರ್ ಅನ್ನುವ ಪದ ಬಳಸಿದವು. ಇಂದಿಗೂ ಪಿಶಾಚಿಯನ್ನು ನಂಬುವವರು ಎತ್ತಿ ಹಿಡಿಯುವುದು ಇದೇ ಕಾಗದವನ್ನು. ಸರ್ಕಾರಿ ದಾಖಲೆ ಇದೆ, ವೈದ್ಯರೇ ನೋಡಿದ್ದಾರೆ ಎನ್ನುತ್ತಾರೆ. ಸರಿ, ನೋಡಿದ್ದು ಏನು?

ಮಣ್ಣಿನೊಳಗೆ ಆಗುವುದು

ನಮ್ಮಲ್ಲಿ ಸುಡುವವರೂ ಇದ್ದಾರೆ, ಹೂಳುವವರೂ ಇದ್ದಾರೆ. ಆದರೆ ಹೂತ ಎರಡು ತಿಂಗಳ ಮೇಲೆ ಅಗೆದು ನೋಡುವ ರೂಢಿ ಇಲ್ಲ. ಹಾಗಾಗಿ ಹೂತ ದೇಹ ಹೇಗೆ ಕಾಣುತ್ತದೆ ಅನ್ನುವುದು ನಮಗೂ ಗೊತ್ತಿಲ್ಲ, 18ನೇ ಶತಮಾನದ ಸರ್ಬಿಯಾದ ರೈತನಿಗೂ ಗೊತ್ತಿರಲಿಲ್ಲ. ಬೇಗ ಕೊಳೆತು ಮೂಳೆ ಆಗಿಬಿಡುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ.

ವಿಧಿವಿಜ್ಞಾನದಲ್ಲಿ ಕ್ಯಾಸ್ಪರ್ ನಿಯಮ ಎಂಬ ಹಳೆಯ ಅಂದಾಜು ಒಂದಿದೆ. ಬಯಲಲ್ಲಿ ಬಿದ್ದ ಹೆಣ ಒಂದು ವಾರದಲ್ಲಿ ಕೊಳೆಯುವಷ್ಟು, ನೀರಿನಲ್ಲಿ ಎರಡು ವಾರದಲ್ಲಿ, ಮಣ್ಣಿನಡಿ ಎಂಟು ವಾರದಲ್ಲಿ ಕೊಳೆಯುತ್ತದೆ. ಮಣ್ಣಿನಡಿ ಗಾಳಿ ಕಡಿಮೆ, ನೊಣ ಇಲ್ಲ, ತಂಪು ಜಾಸ್ತಿ. ಪೂರ್ವ ಯುರೋಪಿನ ಚಳಿಗಾಲದಲ್ಲಂತೂ ನೆಲ ಹೆಪ್ಪುಗಟ್ಟಿರುತ್ತದೆ. ಅಂದರೆ ಹತ್ತು ವಾರದ ಹೆಣ ಕೊಳೆಯದೆ ಉಳಿದದ್ದು ವಿಚಿತ್ರವೇ ಅಲ್ಲ. ಒಂದೇ ಸ್ಮಶಾನದಲ್ಲಿ ಒಂದು ಹೆಣ ಕೊಳೆತು, ಪಕ್ಕದ್ದು ಹಾಗೇ ಉಳಿಯುವುದಕ್ಕೆ ಗುಂಡಿಯ ಆಳ, ಮಣ್ಣಿನ ತೇವ, ಸತ್ತ ತಿಂಗಳು ಇಷ್ಟೇ ಸಾಕು.

ಇನ್ನು ಮೈ ತುಂಬಿಕೊಂಡ ಮಿಲಿಟ್ಸಾ. ಸತ್ತ ಮೇಲೆ ಕರುಳಿನ ಬ್ಯಾಕ್ಟೀರಿಯಾಗಳು ಕೆಲಸ ನಿಲ್ಲಿಸುವುದಿಲ್ಲ. ಅವು ಅನಿಲ ಬಿಡುತ್ತವೆ. ಮೊದಲು ಹೊಟ್ಟೆ, ಆಮೇಲೆ ಎದೆ, ಮುಖ, ಕೈಕಾಲು ಎಲ್ಲ ಉಬ್ಬುತ್ತವೆ. ಒಣಕಲು ಮುದುಕಿ ದುಂಡಗಾಗಿ ಕಾಣುತ್ತಾಳೆ. ಅದೇ ಅನಿಲದ ಒತ್ತಡಕ್ಕೆ ಶ್ವಾಸಕೋಶ, ಹೊಟ್ಟೆಯಲ್ಲಿದ್ದ ಕೆಂಪು ಮಿಶ್ರಿತ ಕಪ್ಪು ದ್ರವ ಮೇಲೆ ಬಂದು ಬಾಯಿ, ಮೂಗಿನಿಂದ ಸೋರುತ್ತದೆ. ನೋಡಿದವರಿಗೆ ಅದು ಆಗ ತಾನೇ ಕುಡಿದ ರಕ್ತ. ಹೆಪ್ಪುಗಟ್ಟಿದ ರಕ್ತ ಎಷ್ಟೋ ಸಲ ಮತ್ತೆ ನೀರಾಗುತ್ತದೆ, ಹಾಗಾಗಿ ಚುಚ್ಚಿದರೆ ಹರಿಯುತ್ತದೆ. ಎದೆಗೆ ಗೂಟ ಬಿದ್ದಾಗ ಒಳಗಿನ ಗಾಳಿ ಒಮ್ಮೆಲೇ ಗಂಟಲಿನಿಂದ ಹೊರಗೆ ನುಗ್ಗಿದರೆ ನರಳಿದ ಸದ್ದು ಬರಬಹುದು. ಪಾವ್ಲೆಗೆ ಗೂಟ ಹೊಡೆದಾಗ ಅವನು ನರಳಿದ ಎಂದು ವರದಿಯಲ್ಲಿದೆ.

ಉಗುರು, ಗಡ್ಡ? ಅವು ಬೆಳೆಯುವುದಿಲ್ಲ. ಚರ್ಮ ಒಣಗಿ ಹಿಂದಕ್ಕೆ ಸರಿಯುತ್ತದೆ, ಒಳಗಿದ್ದ ಭಾಗ ಹೊರಗೆ ಕಾಣುತ್ತದೆ. ಕೆಲವು ಸಲ ಮೇಲಿನ ಚರ್ಮ ಉಗುರಿನ ಸಮೇತ ಕಳಚಿ, ಕೆಳಗೆ ನುಣುಪಾದ ನಸುಗೆಂಪು ಪದರ ಕಾಣುತ್ತದೆ. ಅದನ್ನೇ ಅವರು ಹೊಸ ಚರ್ಮ, ಹೊಸ ಉಗುರು ಎಂದು ಬರೆದರು. ಸತ್ತಾಗ ಸೆಟೆದುಕೊಂಡ ಕೈಕಾಲು ಒಂದೆರಡು ದಿನದಲ್ಲಿ ಮತ್ತೆ ಸಡಿಲ ಆಗುತ್ತದೆ. ಅದು ಗೊತ್ತಿಲ್ಲದವರಿಗೆ ಹೆಣ ಇನ್ನೂ ಜೀವಂತ.

ಒಟ್ಟಿನಲ್ಲಿ ವರದಿಯಲ್ಲಿನ ಒಂದೊಂದು ಗುರುತೂ ಕೊಳೆಯುವಿಕೆಯ ಒಂದೊಂದು ಹಂತ. ಹಳ್ಳಿಗರು ಕಣ್ಣುಬಿಟ್ಟು ಸರಿಯಾಗಿಯೇ ನೋಡಿದ್ದರು. ಅವರಿಗೆ ಗೊತ್ತಿಲ್ಲದೇ ಇದ್ದದ್ದು ಬ್ಯಾಕ್ಟೀರಿಯಾ.

ಆಸ್ಟ್ರಿಯಾದ ಮಹಾರಾಣಿ ಮಾರಿಯಾ ಥೆರೆಸಾ ಅವರ ಆಸ್ಥಾನ ವೈದ್ಯ ಗೆರಾರ್ಡ್ ವಾನ್ ಸ್ವೀಟನ್ ಇದನ್ನು 1755ರಲ್ಲೇ ಹೆಚ್ಚುಕಡಿಮೆ ಗುರುತಿಸಿದ್ದರು. ಚಳಿ, ಗಾಳಿಯಾಡದ ಮಣ್ಣು ಇವೇ ಹೆಣ ಕೆಡದೆ ಉಳಿಯಲು ಕಾರಣ ಎಂದು ಬರೆದರು. ಅದೇ ವರ್ಷ ಸಮಾಧಿ ಅಗೆಯುವುದನ್ನೂ, ಗೂಟ ಹೊಡೆಯುವುದನ್ನೂ, ಸುಡುವುದನ್ನೂ ಮಹಾರಾಣಿ ನಿಷೇಧಿಸಿದರು.

ಸಾಲು ಸಾವು ಮೊದಲು, ಪಿಶಾಚಿ ಆಮೇಲೆ

ಹೆಣ ಹೇಗೆ ಕಂಡಿತು ಅನ್ನುವುದು ಅರ್ಧ ಉತ್ತರ. ಅಗೆಯಲು ಹೋಗಿದ್ದಾದರೂ ಯಾಕೆ? ಎರಡೂ ಸರ್ಬಿಯಾ ಪ್ರಕರಣಗಳಲ್ಲಿ ಮೊದಲು ಬಂದದ್ದು ಸಾಲು ಸಾವು. ಸಾಂಕ್ರಾಮಿಕ ರೋಗ ಇಲ್ಲದೆ ಪಿಶಾಚಿ ಇಲ್ಲ. ಇದು ಅಮೆರಿಕದ ಒಂದು ಘಟನೆಯಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ.

ರೋಡ್ ಐಲೆಂಡ್ ರಾಜ್ಯದ ಎಕ್ಸೆಟರ್ ಊರಿನಲ್ಲಿ ಜಾರ್ಜ್ ಬ್ರೌನ್ ಎಂಬ ರೈತನ ಮನೆಗೆ ಕ್ಷಯ ಬಡಿಯಿತು. ಮೊದಲು ಹೆಂಡತಿ ಹೋದಳು, ಹಿಂದೆಯೇ ದೊಡ್ಡ ಮಗಳು. ಕೆಲವು ವರ್ಷ ಬಿಟ್ಟು ಮಗ ಎಡ್ವಿನ್ ಹಾಸಿಗೆ ಹಿಡಿದ. 1892ರ ಜನವರಿಯಲ್ಲಿ 19 ವರ್ಷದ ಮರ್ಸಿ ತೀರಿಕೊಂಡಳು. ಒಬ್ಬರ ಹಿಂದೆ ಒಬ್ಬರು ಸೊರಗಿ, ಬಿಳಿಚಿ, ಕೆಮ್ಮಿ, ಬಾಯಲ್ಲಿ ರಕ್ತ ಕಾರಿ ಸಾಯುತ್ತಿದ್ದರೆ ನೋಡುವವರಿಗೆ ಏನು ಅನಿಸಬೇಕು? ಸತ್ತವರೇ ಉಳಿದವರ ಜೀವ ಹೀರುತ್ತಿದ್ದಾರೆ ಎಂದು ನೆರೆಹೊರೆಯವರು ಹೇಳಿದರು. ಎಡ್ವಿನ್‌ನನ್ನು ಉಳಿಸಲು ಇದೊಂದೇ ದಾರಿ ಎಂದು ಜಾರ್ಜ್‌ನನ್ನು ಒಪ್ಪಿಸಿದರು. ಅವನಿಗೆ ಇದರಲ್ಲಿ ನಂಬಿಕೆ ಇರಲಿಲ್ಲ.

ಮಾರ್ಚ್ 17ರಂದು ಮೂರೂ ಹೆಣ ತೆಗೆದರು. ತಾಯಿ, ಅಕ್ಕ ಮೂಳೆ ಆಗಿದ್ದರು. ಮರ್ಸಿ ಹಾಗೇ ಇದ್ದಳು. ಅವಳ ಹೃದಯದಲ್ಲಿ ರಕ್ತ ಇತ್ತು. ಆದರೆ ಅವಳು ಸತ್ತು ಎರಡೇ ತಿಂಗಳು ಆಗಿತ್ತು, ಅದೂ ಕಡುಚಳಿಯ ತಿಂಗಳು, ಹೆಣವನ್ನು ಇಟ್ಟಿದ್ದು ನೆಲದ ಮೇಲಿನ ಕಲ್ಲಿನ ಕೋಣೆಯಲ್ಲಿ. ಫ್ರಿಜ್‌ನಲ್ಲಿ ಇಟ್ಟ ಹಾಗೆಯೇ ಅಲ್ವಾ? ಶ್ವಾಸಕೋಶದಲ್ಲಿ ಕ್ಷಯದ ಗುರುತು ಇದೆ ಎಂದು ಪಕ್ಕದಲ್ಲೇ ನಿಂತಿದ್ದ ವೈದ್ಯರು ಹೇಳಿದರು. ಯಾರೂ ಕೇಳಲಿಲ್ಲ. ಹೃದಯ, ಪಿತ್ತಜನಕಾಂಗವನ್ನು ಬಂಡೆಯ ಮೇಲಿಟ್ಟು ಸುಟ್ಟು, ಬೂದಿ ಕದಡಿ ಎಡ್ವಿನ್‌ಗೆ ಕುಡಿಸಿದರು. ಎರಡು ತಿಂಗಳಲ್ಲಿ ಅವನೂ ಸತ್ತ.

ಕ್ಷಯದ ರೋಗಾಣುವನ್ನು ಕಂಡುಹಿಡಿದದ್ದಾಗಿ ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಹೇಳಿದ್ದು 1882ರ ಮಾರ್ಚ್‌ನಲ್ಲಿ. ಸರಿಯಾಗಿ ಹತ್ತು ವರ್ಷ ಮುಂಚೆ. ಆದರೆ ಕಾರಣ ಗೊತ್ತಾಗಿತ್ತು, ಔಷಧಿ ಸಿಕ್ಕಿರಲಿಲ್ಲ. ವೈದ್ಯರ ಕೈಯಲ್ಲಿ ಕೊಡಲು ಏನೂ ಇಲ್ಲದಾಗ ಜನ ಬೂದಿ ಕುಡಿಸಿದರು. ಇದನ್ನು ಬರೀ ಮೂಢತನ ಅಂದುಬಿಟ್ಟರೆ ಆ ತಂದೆಯ ಸಂಕಟ ನಮಗೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಆ ನೆರೆಯವರು ವ್ಯಾಂಪೈರ್ ಅನ್ನುವ ಪದವನ್ನೂ ಬಳಸಲಿಲ್ಲ. ಅದನ್ನು ಅಂಟಿಸಿದ್ದು ಪತ್ರಿಕೆಗಳು.

ಹಳ್ಳಿಗರ ಊಹೆಯಲ್ಲಿ ಒಂದು ಅಂಶ ಸರಿ ಇತ್ತು. ಮೊದಲು ಸತ್ತವರಿಂದಲೇ ಉಳಿದವರಿಗೆ ಏನೋ ದಾಟಿಬರುತ್ತಿದೆ ಅನ್ನುವುದು ನಿಜವೇ. ಆದರೆ ಅದು ದಾಟಿದ್ದು ಸತ್ತ ಮೇಲಲ್ಲ. ಬದುಕಿದ್ದಾಗ, ಒಂದೇ ಕೋಣೆಯಲ್ಲಿ ಮಲಗಿ ಕೆಮ್ಮಿದಾಗ.

ಈ ಬೂದಿ ಕುಡಿಸುವ ಪದ್ಧತಿ ಅಲ್ಲಿಗೇ ಮುಗಿಯಲಿಲ್ಲ. ನೈಋತ್ಯ ರೊಮೇನಿಯಾದ ಮರೊಟಿನು ದೆ ಸುಸ್ ಹಳ್ಳಿಯಲ್ಲಿ 2003ರ ಕೊನೆಗೆ ಸತ್ತ ಒಬ್ಬನನ್ನು ಸಂಬಂಧಿಕರೇ ಅಗೆದು, ಹೃದಯ ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ ಕಾಯಿಲೆಯಾಗಿದ್ದವರಿಗೆ ಕುಡಿಸಿದರು. ಸತ್ತವರ ಶಾಂತಿ ಕದಡಿದ ಅಪರಾಧಕ್ಕೆ ಆರು ಜನರಿಗೆ ಶಿಕ್ಷೆಯಾಯಿತು.

ಕಾಯಿಲೆಯ ಹೆಸರು ಹಚ್ಚುವ ಅವಸರ

ವಿಜ್ಞಾನದ ಹೆಸರಿನಲ್ಲೂ ಒಂದು ಹೊಸ ದಂತಕತೆ ಹುಟ್ಟಿದೆ. 1985ರಲ್ಲಿ ಡೇವಿಡ್ ಡಾಲ್ಫಿನ್ ಎಂಬ ರಸಾಯನ ವಿಜ್ಞಾನಿ, ವ್ಯಾಂಪೈರ್‌ಗಳು ಅಂದರೆ ಪೊರ್ಫಿರಿಯಾ ರೋಗಿಗಳು ಇರಬಹುದು ಎಂದರು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ಅಂಶ ತಯಾರಾಗುವಾಗ ಆಗುವ ದೋಷ ಇದು. ಇದರ ಕೆಲವು ಬಗೆಗಳಲ್ಲಿ ಬಿಸಿಲು ತಾಗಿದರೆ ಚರ್ಮ ಸುಟ್ಟ ಹಾಗಾಗುತ್ತದೆ. ಬಿಸಿಲಿಗೆ ಹೆದರಿ, ರಕ್ತದ ಕೊರತೆಗೆ ರಕ್ತ ಕುಡಿದರು ಅನ್ನುವ ವಾದ ಕೇಳಲು ಚೆನ್ನಾಗಿತ್ತು. ಪತ್ರಿಕೆಗಳು ಎತ್ತಿಕೊಂಡವು.

ಆದರೆ ಅದು ನಿಲ್ಲುವುದಿಲ್ಲ. ಕುಡಿದ ರಕ್ತ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ, ಈ ಕಾಯಿಲೆಗೆ ಅದು ಮದ್ದಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹಳ್ಳಿಯ ಪಿಶಾಚಿಗೆ ಬಿಸಿಲಿನ ತೊಂದರೆಯೇ ಇರಲಿಲ್ಲ. ಅದು ಸಿನಿಮಾದಿಂದ ಬಂದದ್ದು. ಅಂದರೆ ಸಿನಿಮಾದ ಪಿಶಾಚಿಯನ್ನು ನೋಡಿ, ಅದಕ್ಕೆ ಹೊಂದುವ ಕಾಯಿಲೆ ಹುಡುಕಿದ ಹಾಗಾಯಿತು. ಇದರ ಪೆಟ್ಟು ಬಿದ್ದದ್ದು ನಿಜವಾದ ರೋಗಿಗಳಿಗೆ. ಮೊದಲೇ ಅಪರೂಪದ, ನೋವಿನ ಕಾಯಿಲೆ. ಅದರ ಮೇಲೆ ಪಿಶಾಚಿ ರೋಗ ಎಂಬ ಹಣೆಪಟ್ಟಿ. ಈ ವಾದವನ್ನು ಇಂದಿಗೂ ರೋಚಕ ಮಾಹಿತಿ ಎಂದು ಹಂಚುವವರು ಇದನ್ನು ಒಮ್ಮೆ ಯೋಚಿಸಬೇಕು.

ರೇಬೀಸ್ ವಾದ ಇದಕ್ಕಿಂತ ಗಟ್ಟಿ. ಸ್ಪೇನಿನ ನರರೋಗ ತಜ್ಞ ಹುವಾನ್ ಗೋಮೆಸ್ ಅಲೊನ್ಸೊ 1998ರಲ್ಲಿ ಅದನ್ನು ಮಂಡಿಸಿದರು. ಕಚ್ಚುವುದು, ನಿದ್ದೆಗೆಡುವುದು, ಬೆಳಕು, ವಾಸನೆ ತಡೆಯಲಾಗದಿರುವುದು ಇವೆಲ್ಲ ರೇಬೀಸ್‌ನಲ್ಲಿ ಇವೆ. 1721ರಿಂದ 1728ರವರೆಗೆ ಹಂಗೆರಿಯಲ್ಲಿ ರೇಬೀಸ್ ಹಾವಳಿಯೂ ಇತ್ತು. ನಂಬಿಕೆಗೆ ಇದು ಸ್ವಲ್ಪ ಬಣ್ಣ ಕೊಟ್ಟಿರಬಹುದು. ಆದರೆ ಸರ್ಬಿಯಾದ ವರದಿಗಳಲ್ಲಿ ಪಿಶಾಚಿ ಎನಿಸಿಕೊಂಡವರು ಸಮಾಧಿಯಲ್ಲಿದ್ದ ಹೆಣಗಳು, ಕಚ್ಚುತ್ತಾ ಓಡಾಡಿದ ರೋಗಿಗಳಲ್ಲ. ಒಂದೇ ಕಾಯಿಲೆಗೆ ಎಲ್ಲವನ್ನೂ ಗಂಟು ಹಾಕುವ ಅಗತ್ಯವೇ ಇಲ್ಲ. ಊರಿಗೆ ಯಾವ ಸಾಂಕ್ರಾಮಿಕ ರೋಗ ಬಂದರೂ ಸಾಲು ಸಾವು ಆಗಬಹುದು, ಯಾವ ಹೆಣ ಅಗೆದರೂ ಆ ಗುರುತುಗಳು ಸಿಗಬಹುದು.

ಕಪ್ಪು ಕೋಟಿನವನು ಎಲ್ಲಿಂದ ಬಂದ?

ಜಾನಪದದ ಪಿಶಾಚಿ ಊದಿಕೊಂಡ, ಕೆಂಪು ಮುಖದ ಹಳ್ಳಿಗ. ಬಿಳಿಚಿದ ಶ್ರೀಮಂತ ಅಲ್ಲ. ಅವನನ್ನು ಶ್ರೀಮಂತನನ್ನಾಗಿ ಮಾಡಿದ್ದು 19ನೇ ಶತಮಾನದ ಇಂಗ್ಲಿಷ್ ಕತೆಗಾರರು. 1897ರಲ್ಲಿ ಬಂದ ಬ್ರಾಮ್ ಸ್ಟೋಕರ್ ಅವರ ಡ್ರಾಕುಲಾ ಕಾದಂಬರಿ ಅದನ್ನು ಗಟ್ಟಿ ಮಾಡಿತು. ಡ್ರಾಕುಲಾನ ಕೋಟೆ ಇದೆ ಎಂದು ಬರೆದ ಟ್ರಾನ್ಸಿಲ್ವೇನಿಯಾಕ್ಕೆ ಸ್ಟೋಕರ್ ಒಮ್ಮೆಯೂ ಹೋಗಿರಲಿಲ್ಲ. 1890ರಲ್ಲಿ ವಿಟ್ಬಿ ಊರಿನ ಗ್ರಂಥಾಲಯದಲ್ಲಿ ಈಗಿನ ರೊಮೇನಿಯಾದ ಭಾಗವಾದ ವಲಾಕಿಯಾದ ಬಗ್ಗೆ ಒಂದು ಪುಸ್ತಕ ಓದುವಾಗ ಡ್ರಾಕುಲಾ ಎಂಬ ಹೆಸರು ಕಣ್ಣಿಗೆ ಬಿತ್ತು. ಅದಕ್ಕೂ ಮುಂಚೆ ಅವರು ಪಾತ್ರಕ್ಕೆ ಕೌಂಟ್ ವಾಂಪೈರ್ ಎಂದು ಹೆಸರಿಟ್ಟಿದ್ದರು.

ಆ ಹೆಸರಿನ ನಿಜವಾದ ವ್ಯಕ್ತಿ, ವಲಾಕಿಯಾದ ದೊರೆ ಮೂರನೆಯ ವ್ಲಾದ್, 15ನೇ ಶತಮಾನದವನು. ತಂದೆ ಡ್ರಾಗನ್ ಪಂಥಕ್ಕೆ ಸೇರಿದವನಾದ್ದರಿಂದ ಡ್ರಾಕುಲ್, ಅವನ ಮಗ ಡ್ರಾಕುಲಾ. ವೈರಿಗಳನ್ನು ಶೂಲಕ್ಕೆ ಏರಿಸಿದ ಕ್ರೂರಿ ಹೌದು. ಆದರೆ ಅವನು ರಕ್ತಪಿಶಾಚಿ ಎಂದು ಅವನ ನಾಡಿನ ಜನ ಹೇಳಿಕೊಂಡು ಬಂದಿರಲಿಲ್ಲ. ಆ ಕಾದಂಬರಿಯಲ್ಲಿ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ. ಬಿಸಿಲಿಗೆ ಸಾಯುವ ಪಿಶಾಚಿ ಹುಟ್ಟಿದ್ದು 1922ರ ಜರ್ಮನ್ ಮೂಕಿಚಿತ್ರ ನೊಸ್ಫೆರಾಟುವಿನಲ್ಲಿ.

ಬಾವಲಿಯ ಕತೆಯೂ ತಿರುಗುಮುರುಗು. ರಕ್ತ ಕುಡಿಯುವ ಬಾವಲಿಗಳು ಮೂರು ಜಾತಿ ಇವೆ, ಎಲ್ಲವೂ ಮೆಕ್ಸಿಕೊ, ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ. ಯುರೋಪಿನ ಪಿಶಾಚಿಗೆ ಮೊದಲು ಬಾವಲಿಯ ನಂಟೇ ಇರಲಿಲ್ಲ. ಪಿಶಾಚಿಯ ಹೆಸರನ್ನು ಆಮೇಲೆ ಬಾವಲಿಗೆ ಇಟ್ಟರು. ಕರ್ನಾಟಕದಲ್ಲೂ ಇರುವ ಒಂದು ಬಾವಲಿಗೆ ಇಂಗ್ಲಿಷ್‌ನಲ್ಲಿ ಸುಳ್ಳು ವ್ಯಾಂಪೈರ್ ಎಂದೇ ಹೆಸರು. ಅದು ತಿನ್ನುವುದು ಹುಳ, ಕಪ್ಪೆ, ಹಲ್ಲಿಯಂಥ ಸಣ್ಣ ಜೀವಿಗಳನ್ನು. ರಕ್ತ ಹೀರುವುದು ಬೇಕಿದ್ದರೆ ಮಲೆನಾಡಿನ ಇಂಬಳ ಸಾಕು.

ನಮ್ಮ ಬೇತಾಳನಿಗೂ ಇದೇ ಗತಿ ಆಯಿತು. 1870ರಲ್ಲಿ ರಿಚರ್ಡ್ ಬರ್ಟನ್ ವಿಕ್ರಮ ಬೇತಾಳನ ಕತೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು ವ್ಯಾಂಪೈರ್ ಎಂದು ಕರೆದ. ಹೆಣದೊಳಗೆ ಸೇರಿಕೊಂಡು, ಮರಕ್ಕೆ ಜೋತುಬಿದ್ದು, ರಾಜನ ಹೆಗಲೇರಿ ಕತೆ ಹೇಳಿ ಪ್ರಶ್ನೆ ಕೇಳುವವನು ಬೇತಾಳ. ಆ ಕತೆಗಳಲ್ಲಿ ಅವನು ವಿಕ್ರಮನ ರಕ್ತ ಹೀರಲು ಬಂದವನಲ್ಲ. ಗೋವಾ, ಕೊಂಕಣದ ಹಳ್ಳಿಗಳಲ್ಲಿ ಅವನು ಊರು ಕಾಯುವ ದೇವರು. ಎಲ್ಲ ನಾಡಿನಲ್ಲೂ ವ್ಯಾಂಪೈರ್ ಇದೆ ಅನ್ನುವ ಮಾತಿಗೆ ಇಂಥ ಅನುವಾದಗಳೂ ಒಂದು ಕಾರಣ.

ಸುಮ್ನೆ ಒಂದು ಲೆಕ್ಕವನ್ನೂ ಹಾಕಿ. ಒಂದು ಪಿಶಾಚಿ ತಿಂಗಳಿಗೆ ಒಬ್ಬರನ್ನು ಕಚ್ಚಿ, ಕಚ್ಚಿಸಿಕೊಂಡವರೂ ಪಿಶಾಚಿ ಆದರೆ ಒಂದು ಎರಡಾಗಿ, ಎರಡು ನಾಲ್ಕಾಗಿ ಹೋಗುತ್ತದೆ. 10ನೇ ತಿಂಗಳಿಗೆ 1,024. 33ನೇ ತಿಂಗಳಿಗೆ ಸುಮಾರು 859 ಕೋಟಿ. ಇಂದಿನ ಜಗತ್ತಿನ ಜನಸಂಖ್ಯೆಗಿಂತ ಜಾಸ್ತಿ. ಮೂರು ವರ್ಷ ತುಂಬುವ ಮೊದಲೇ ಕಚ್ಚಲು ಯಾರೂ ಉಳಿಯುವುದಿಲ್ಲ.

ಪರಿಣತರ ನಡುವೆಯೂ ತಕರಾರು ಇದೆ

ಪಿಯೆನ್‌ನಂಥ ಸಮಾಧಿಗಳನ್ನು ಪುರಾತತ್ವಜ್ಞರು ರೂಢಿಗೆ ಹೊರತಾದ ಸಮಾಧಿಗಳು ಎನ್ನುತ್ತಾರೆ. ಎದ್ದು ಬರದಿರಲಿ ಎಂದೇ ಹೀಗೆ ಹೂತರು ಅನ್ನುವುದು ಒಂದು ಪಕ್ಷ. ಅದೊಂದೇ ಕಾರಣ ಆಗಬೇಕಿಲ್ಲ ಅನ್ನುವುದು ಇನ್ನೊಂದು ಪಕ್ಷ. ವೆನಿಸ್ ಹತ್ತಿರದ ಲಜ್ಜರೆಟ್ಟೊ ನುವೊವೊ ದ್ವೀಪದಲ್ಲಿ, 16ನೇ ಶತಮಾನದ ಪ್ಲೇಗ್ ಸಮಾಧಿಯಲ್ಲಿ, ಬಾಯಲ್ಲಿ ಇಟ್ಟಿಗೆ ಇದ್ದ ಹೆಂಗಸಿನ ತಲೆಬುರುಡೆ ಸಿಕ್ಕಿತ್ತು. ಹೆಣದ ಬಟ್ಟೆ ಅಗಿಯುವ ಪಿಶಾಚಿಯ ಬಾಯಿ ಮುಚ್ಚಲು ಅದನ್ನು ಇಟ್ಟರು ಎಂದು ಒಬ್ಬರು, ಸುತ್ತಮುತ್ತ ಇಟ್ಟಿಗೆ ಚೂರುಗಳೇ ತುಂಬಿದ್ದವು, ತಾನಾಗಿಯೇ ಬಿದ್ದಿರಬಹುದು ಎಂದು ಇನ್ನೊಬ್ಬರು.

ಪೋಲೆಂಡಿನ ಇನ್ನೊಂದು ಊರು ಡ್ರಾಸ್ಕೊದಲ್ಲಿ 285 ಸಮಾಧಿಗಳಲ್ಲಿ ಆರರಲ್ಲಿ ಕುಡುಗೋಲು ಅಥವಾ ಕಲ್ಲು ಇತ್ತು. ಹೊರಗಿನಿಂದ ಬಂದವರನ್ನು ಹೀಗೆ ಹೂತಿರಬೇಕು ಎಂದು ಮೊದಲು ಊಹಿಸಿದ್ದರು. ಹಲ್ಲಿನಲ್ಲಿರುವ ಸ್ಟ್ರಾನ್ಶಿಯಂ ಪರೀಕ್ಷಿಸಿದರೆ ಬಾಲ್ಯದಲ್ಲಿ ಯಾವ ನೆಲದ ನೀರು, ಅನ್ನ ಸಿಕ್ಕಿತ್ತು ಅನ್ನುವುದು ತಿಳಿಯುತ್ತದೆ. 2014ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಅವರೆಲ್ಲ ಅದೇ ನೆಲದವರು ಎಂದು ಗೊತ್ತಾಯಿತು. ಊರಲ್ಲಿ ಹಬ್ಬಿದ ರೋಗಕ್ಕೆ ಮೊದಲು ಬಲಿಯಾದವರು ಇವರಿರಬಹುದು ಎಂದು ಸಂಶೋಧಕರು ಹೇಳಿದರು.

ಕುಡುಗೋಲು ಸತ್ತವರ ವಿರುದ್ಧ ಅಲ್ಲ, ಸತ್ತವರ ರಕ್ಷಣೆಗೆ ಇಟ್ಟದ್ದು ಅನ್ನುವ ವಾದವೂ ಇದೆ. ಇದನ್ನು ಅರ್ಥ ಮಾಡಿಕೊಳ್ಳುವುದು ನಮಗೆ ಕಷ್ಟ ಅಲ್ಲ. ಬಾಣಂತಿಯ ಹಾಸಿಗೆ ಪಕ್ಕ ಕುಡುಗೋಲನ್ನೋ ಚಾಕುವನ್ನೋ ಇಡುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಕೆಟ್ಟ ದೃಷ್ಟಿ, ಗಾಳಿ ತಾಗದಿರಲಿ ಎಂದು. ನಾಳೆ ಯಾರೋ ಅದನ್ನು ನೋಡಿ ಬಾಣಂತಿಯೇ ದೆವ್ವ ಎಂದು ಬರೆದರೆ ಹೇಗಿರುತ್ತದೆ? ವ್ಯಾಂಪೈರ್ ಮಹಿಳೆ ಅನ್ನುವ ತಲೆಬರಹದ ತೊಂದರೆ ಇದೇ. ಪಿಯೆನ್‌ನಲ್ಲಿ ಸಿಕ್ಕಿದ್ದು ಊರಿನವರ ಭಯದ ಸಾಕ್ಷಿ. ಅದು ಅವಳ ಗುರುತು ಅಲ್ಲ.

ಬದುಕಿರುವವರ ಮೇಲೆ ಬಂದಾಗ

ಇದೆಲ್ಲ ಹಳೆಯ ಕಾಲದ ಮಾತು, ಈಗ ಯಾಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಅನಿಸಬಹುದು. ಆಫ್ರಿಕಾದ ಮಲಾವಿ ದೇಶ ನೋಡಿ.

ಅಲ್ಲಿನ ರಕ್ತ ಹೀರುವವರು ಸಮಾಧಿಯಿಂದ ಬರುವುದಿಲ್ಲ. ಜನರ ನಂಬಿಕೆಯಲ್ಲಿ ಅವರು ಬದುಕಿರುವ ಮನುಷ್ಯರು, ರಾತ್ರಿ ಬಂದು ರಕ್ತ ತೆಗೆದು ಮಾರುವವರು. ಪೂರ್ವ ಆಫ್ರಿಕಾದಲ್ಲಿ ಇಂಥ ಮಾತು ವಸಾಹತು ಕಾಲದಿಂದಲೂ ಇದೆ. ಸಮವಸ್ತ್ರ ಹಾಕಿದ ಅಗ್ನಿಶಾಮಕರೇ ಜನರ ರಕ್ತ ತೆಗೆಯುತ್ತಾರೆ ಎಂದು ನೈರೋಬಿಯಲ್ಲಿ ಹೆದರುತ್ತಿದ್ದರು. ಅಧಿಕಾರದಲ್ಲಿದ್ದವರು ಪರದೇಶದವರು. ಯಾವುದೋ ಕಾಯಿಲೆಯ ಸಮೀಕ್ಷೆ ಎಂದು ಸೂಜಿ ಹಿಡಿದು ರಕ್ತ ತೆಗೆಯುತ್ತಿದ್ದವರೂ ಅವರೇ. ಆ ರಕ್ತ ಎಲ್ಲಿಗೆ ಹೋಯಿತು ಎಂದು ಹಳ್ಳಿಗನಿಗೆ ಹೇಳುವವರು ಇರಲಿಲ್ಲ. ಖಾಲಿ ಬಿಟ್ಟ ಆ ಜಾಗವನ್ನು ಗಾಳಿಸುದ್ದಿ ತುಂಬಿತು.

2002ರಲ್ಲಿ ಮಲಾವಿಗೆ ಬರ ಬಂತು. ಹೊರದೇಶದ ಸಂಸ್ಥೆಗಳು ಆಹಾರ ಕೊಟ್ಟವು. ಸರ್ಕಾರ ಜನರ ರಕ್ತ ಕೊಟ್ಟು ಆಹಾರ ತರುತ್ತಿದೆ ಎಂಬ ಸುದ್ದಿ ಹಬ್ಬಿತು. ಅಧ್ಯಕ್ಷ ಬಕಿಲಿ ಮುಲುಜಿ ಅವರೇ ಅದನ್ನು ಅಲ್ಲಗಳೆಯಬೇಕಾಯಿತು. 2017ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಮಲಾವಿಯ ಮುಲಾಂಜೆ, ಫಾಲೊಂಬೆ ಜಿಲ್ಲೆಗಳಲ್ಲಿ ಮತ್ತೆ ಅದೇ ಮಾತು ಎದ್ದಿತು. ಜನ ರಸ್ತೆಗೆ ಅಡ್ಡ ಕಟ್ಟಿ ಕಾವಲು ಕೂತರು. ಅಕ್ಟೋಬರ್ ಎರಡನೇ ವಾರದ ಹೊತ್ತಿಗೇ ಕನಿಷ್ಠ ಐವರನ್ನು ಗುಂಪುಗಳು ಹೊಡೆದು ಕೊಂದಿದ್ದವು. ವಿಶ್ವಸಂಸ್ಥೆ ಅಲ್ಲಿಂದ ತನ್ನ ಸಿಬ್ಬಂದಿಯನ್ನು ಹಿಂದಕ್ಕೆ ಕರೆಸಿಕೊಂಡಿತು. ರಾತ್ರಿ ಕರ್ಫ್ಯೂ ಹಾಕಿದರು. ಅಧ್ಯಕ್ಷ ಪೀಟರ್ ಮುಥಾರಿಕಾ ಜಿಲ್ಲೆಗಳಿಗೆ ಹೋಗಿ ಬಂದರು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು.

ಇದರ ಪರಿಣಾಮ ಸತ್ತವರ ಸಂಖ್ಯೆಗೆ ನಿಲ್ಲುವುದಿಲ್ಲ. ಹೊರಗಿನ ಸಹಾಯ ಹೆಚ್ಚು ಬೇಕಾಗಿರುವುದು ಬಡ ಜಿಲ್ಲೆಗಳಿಗೆ. ಗಾಳಿಸುದ್ದಿ ಮೊದಲು ಓಡಿಸುವುದೂ ಆ ಸಹಾಯ ತರುವವರನ್ನೇ. ಮಲೇರಿಯಾ ಪರೀಕ್ಷೆಗೆ ಒಂದು ಹನಿ ರಕ್ತ ಕೇಳುವ ದಾದಿಯೂ ಅನುಮಾನಕ್ಕೆ ಗುರಿ ಆಗಬಲ್ಲಳು. ಅವಳು ಬರದಿದ್ದರೆ ರೋಗ ಜಾಸ್ತಿ ಆಗುತ್ತದೆ. ರೋಗ ಜಾಸ್ತಿ ಆದರೆ ಸಾವು, ಸಾವಿನ ಹಿಂದೆ ಮತ್ತೆ ಅದೇ ಭಯ. ಸುಳ್ಳು ಎಂದು ಸರ್ಕಾರ ಘೋಷಿಸಿದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ, ಏಕೆಂದರೆ ಜನ ಅನುಮಾನಿಸುತ್ತಿರುವುದು ಸರ್ಕಾರವನ್ನೇ. ರಕ್ತ ಯಾಕೆ ತೆಗೆಯುತ್ತೇವೆ, ಆಮೇಲೆ ಅದನ್ನು ಏನು ಮಾಡುತ್ತೇವೆ ಎಂದು ಊರಿನ ಪರಿಚಯದ ಮುಖವೊಂದು ಅವರ ಮಾತಿನಲ್ಲೇ ಕೂತು ಹೇಳಬೇಕು.

ಇದು ದೂರದ ದೇಶದ ದೌರ್ಬಲ್ಯ ಅಂದುಕೊಳ್ಳುವ ಹಾಗಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್ಆ್ಯಪ್ ಸುದ್ದಿ ನಂಬಿದ ಗುಂಪು ಹೈದರಾಬಾದಿನ ಒಬ್ಬ ಎಂಜಿನಿಯರ್‌ನನ್ನು ಹೊಡೆದು ಕೊಂದಿತು. ಅವನ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಪಿಶಾಚಿ ಅನ್ನುವ ಹೆಸರು ಅಲ್ಲಿ ಇರಲಿಲ್ಲ. ಉಳಿದದ್ದೆಲ್ಲ ಇತ್ತು.

ಮಲಾವಿಯಲ್ಲಿ 2017ರ ಅಕ್ಟೋಬರ್‌ನಲ್ಲಿ, ಬ್ಲಾಂಟೈರ್ ನಗರದ ಹತ್ತಿರ, ರಕ್ತ ಹೀರುವವನು ಎಂದು ಗುಂಪು ಕೊಂದವರಲ್ಲಿ 22 ವರ್ಷದ ಒಬ್ಬ ಯುವಕ ಇದ್ದ. ಅವನಿಗೆ ಮೂರ್ಛೆರೋಗ ಇತ್ತು. ಪ್ರಜ್ಞೆ ತಪ್ಪುವ ಕಾಯಿಲೆ ಇದ್ದಿರಬಹುದಾದ ಪಿಯೆನ್‌ನ ಜೋಶಾಳಿಗಿಂತ ಎರಡರಿಂದ ನಾಲ್ಕು ವರ್ಷ ದೊಡ್ಡವನು.